ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯಲ್ಲಿ ಮರ ಲಡ್ಡಾದಾಗ: ಯಾವ ಜಾಗಕ್ಕೆ ಯಾವ ದುರಸ್ತಿ

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ ಎಂಬುದು ನಿಜ. ಆದರೆ 1960ರಿಂದ 1980ರ ದಶಕದವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ತಯಾರಾದ ಹಾಯಿದೋಣಿಗಳಲ್ಲಿ ಮರವೇ ಇಲ್ಲದ ದೋಣಿ ಸಿಗುವುದು ಕಷ್ಟ. ದೋಣಿಯ ಮೇಲೆ ನಡೆದಾಡುವ ನೆಲವಾದ ಡೆಕ್ಕಿನ ಎರಡು ತೆಳುವಾದ ಫೈಬರ್‌ಗ್ಲಾಸ್ ಪದರಗಳ ನಡುವೆ ತಿರುಳಾಗಿ ಬಾಲ್ಸಾ ಮರವೋ ಪ್ಲೈವುಡ್ಡೋ ಇರುತ್ತದೆ, ದೋಣಿಯ ಒಡಲನ್ನು ಅಡ್ಡಲಾಗಿ ಬಿಗಿಹಿಡಿಯುವ ಬಲ್ಕ್‌ಹೆಡ್ ಗೋಡೆಗಳು ಪ್ಲೈವುಡ್ಡಿನವು, ಡೆಕ್ಕಿನ ಮೇಲೆ ನಿಂತ ಹಾಯಿಕಂಬದ ಭಾರವನ್ನು ಕೆಳಗೆ ಹೊರುವ ಊರೆಗಂಬದ ಬುಡದಲ್ಲಿ ಹಲವು ಸಲ ಒಂದು ಮರದ ತುಂಡು ಅಡಗಿರುತ್ತದೆ. 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪಿಯರ್ಸನ್ ಟ್ರೈಟನ್‌ನಿಂದ ಹಿಡಿದು ಕ್ಯಾಟಲಿನಾ 27ರವರೆಗೆ, ಅಮೆರಿಕದ ಪೂರ್ವ ಕರಾವಳಿಯ ಚೆಸಾಪೀಕ್ ಕೊಲ್ಲಿಯ ಬೋಟ್‌ಯಾರ್ಡ್‌ಗಳಲ್ಲಿ ಇಂದು ಅಗ್ಗದ ಬೆಲೆಗೆ ಮಾರಾಟಕ್ಕೆ ನಿಂತಿರುವ ದೋಣಿಗಳ ಬೆಲೆ ಇಳಿದಿರುವುದಕ್ಕೆ ಈ ಮರವೂ ಒಂದು ಮುಖ್ಯ ಕಾರಣ.

ಅಮೆರಿಕದಲ್ಲಿ ನೆಲೆಸಿ ಇಂಥದೊಂದು ದೋಣಿಯನ್ನು ಕೊಳ್ಳುವ ಆಲೋಚನೆಯಲ್ಲಿರುವವರು, ಅಥವಾ ಈಗಾಗಲೇ ಕೊಂಡು ಕಾಲಿಟ್ಟಲ್ಲಿ ಡೆಕ್ ಮೆತ್ತಗೆ ಕುಗ್ಗುವುದನ್ನು ಕಂಡು ಚಿಂತೆಗೆ ಬಿದ್ದವರು, ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಯಾವ ರಾಳ ಒಳ್ಳೆಯದು, ಯಾವ ತಿರುಳು ಒಳ್ಳೆಯದು’ ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಮೂರನೆಯ ಪ್ರಶ್ನೆ. ಮರ ಬರೀ ಒದ್ದೆಯಾಗಿದೆಯೋ ಅಥವಾ ಕೊಳೆತು ಶಕ್ತಿಗುಂದಿ ಲಡ್ಡಾಗಿದೆಯೋ ಎಂಬುದು ಮೊದಲನೆಯದು. ಆ ಜಾಗ ಯಾವ ಭಾರವನ್ನು ಹೊರುತ್ತಿದೆ ಎಂಬುದು ಎರಡನೆಯದು. ಇವೆರಡಕ್ಕೆ ಉತ್ತರ ಸಿಕ್ಕಿದರೆ ವಿಧಾನದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಒದ್ದೆಯೋ, ಲಡ್ಡೋ

ನೀರು ಒಳಗೆ ಹೋಗುವುದು ಡೆಕ್ಕಿನ ಹರವಿನಿಂದಲ್ಲ, ಅದರ ತೂತುಗಳಿಂದ. ಕಂಬಿಬೇಲಿಯ ಸ್ಟ್ಯಾಂಚನ್‌ಗಳು, ಹಗ್ಗ ಕಟ್ಟುವ ಕ್ಲೀಟ್‌ಗಳು, ವಿಂಚ್‌ಗಳು, ಹಾಯಿಕಂಬವನ್ನು ಎಳೆದು ನಿಲ್ಲಿಸುವ ತಂತಿಗಳಿಗೆ ನೆಲೆಯಾದ ಚೈನ್‌ಪ್ಲೇಟ್‌ಗಳು, ಇವೆಲ್ಲವೂ ಬೋಲ್ಟಿನ ಮೂಲಕ ತಿರುಳನ್ನು ತೂರಿ ಹೋಗಿರುತ್ತವೆ. ಕಾರ್ಖಾನೆಯಲ್ಲಿ ಹಚ್ಚಿದ ಸೀಲಂಟ್ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಒಣಗಿ ಬಿರಿಯುತ್ತದೆ, ಯಾರೋ ಸ್ಟ್ಯಾಂಚನ್ ಹಿಡಿದು ದೋಣಿ ಹತ್ತಿದಾಗಲೆಲ್ಲ ಆ ಬಿರುಕು ಬಾಯಿ ತೆರೆಯುತ್ತದೆ, ಮಳೆನೀರು ಹನಿಹನಿಯಾಗಿ ಇಳಿಯುತ್ತದೆ. ಹೀಗೆ ಇಳಿದ ನೀರಿಗೆ ಹೊರಬರುವ ದಾರಿಯಿಲ್ಲ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯಲಾರದು. ಎರಡು ಪದರಗಳ ನಡುವೆ ಸಿಕ್ಕಿಬಿದ್ದ ಮರವು ಆ ಮಟ್ಟವನ್ನು ಒಮ್ಮೆ ದಾಟಿತೆಂದರೆ ವರ್ಷಗಟ್ಟಲೆ ಮತ್ತೆ ಕೆಳಗಿಳಿಯುವುದಿಲ್ಲ. ಚೆಸಾಪೀಕ್‌ನಂಥ ಕಡೆ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುವುದರಿಂದ ಪದರ ಮತ್ತು ತಿರುಳಿನ ನಡುವಿನ ಅಂಟು ಬಿಟ್ಟುಕೊಳ್ಳುವುದೂ ಉಂಟು.

ಪರೀಕ್ಷೆಗೆ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಸಾಕು. ಗಟ್ಟಿ ಡೆಕ್ಕಿನ ಮೇಲೆ ಅಂಗೈಯಗಲಕ್ಕೊಂದರಂತೆ ಬಡಿಯುತ್ತ ಹೋದರೆ ಚುರುಕಾದ, ಗರಿಗರಿ ದನಿ ಕೇಳುತ್ತದೆ. ಪದರ ಬಿಟ್ಟುಕೊಂಡಿರುವಲ್ಲಿ ಅದು ಮಂಕಾಗಿ ಬೊದ್ದಾಗುತ್ತದೆ. ದನಿ ಬದಲಾಗುವ ಗೆರೆಯನ್ನು ಪೆನ್ಸಿಲಿನಿಂದ ಗುರುತಿಸಿ, ಆ ಗೆರೆಯೊಳಗೆ ದೋಣಿಯ ಒಳಭಾಗದಿಂದ, ಅಂದರೆ ಕೆಳಪದರದಲ್ಲಿ, 6 ಮಿ.ಮೀ. ತೂತು ಕೊರೆದು ಬೈರಿಗೆಗೆ ಅಂಟಿ ಬರುವ ಪುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡಬೇಕು. ಒಣಗಿದ ಬಾಲ್ಸಾ ಬಿಳಿಯಾಗಿ ಹಗುರವಾಗಿ ಉದುರುತ್ತದೆ. ಒದ್ದೆಯಾದದ್ದು ಬಣ್ಣಗೆಟ್ಟಿದ್ದರೂ ನಾರು ನಾರಾಗಿಯೇ ಇರುತ್ತದೆ. ಲಡ್ಡಾದದ್ದು ಕಾಫಿ ಚರಟದಂತೆ ಕಪ್ಪಾಗಿ, ಹಿಂಡಿದರೆ ಕಂದು ನೀರು ಸುರಿಸುತ್ತ, ಹುಳಿ ವಾಸನೆಯೊಂದಿಗೆ ಬರುತ್ತದೆ. ತೇವಮಾಪಕ ಯಂತ್ರವು ಒದ್ದೆಯ ಹರವನ್ನು ತೋರಿಸಬಲ್ಲದೇ ಹೊರತು ಮರದ ಶಕ್ತಿ ಉಳಿದಿದೆಯೇ ಎಂಬುದನ್ನು ಹೇಳಲಾರದು. ಆದ್ದರಿಂದ ಅದರ ಅಂಕಿಯೊಂದನ್ನೇ ನಂಬಿ ಡೆಕ್ ಕೊಯ್ಯುವುದಾಗಲಿ, ಕೊಯ್ಯದೆ ಬಿಡುವುದಾಗಲಿ ಸರಿಯಲ್ಲ.

ತೂತು ಕೊರೆದು ಎಪಾಕ್ಸಿ ತುಂಬುವುದು

ಎಲ್ಲರಿಗೂ ಮೊದಲು ಆಕರ್ಷಕವಾಗಿ ಕಾಣುವ ವಿಧಾನವೆಂದರೆ ಮೆತ್ತಗಾದ ಜಾಗದಲ್ಲಿ ಸಾಲಾಗಿ ಸಣ್ಣ ತೂತುಗಳನ್ನು ಕೊರೆದು ಸಿರಿಂಜಿನಿಂದ ತೆಳುವಾದ ಎಪಾಕ್ಸಿಯನ್ನು (ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟುರಾಳ) ತುಂಬುವುದು. ಇದಕ್ಕೆಂದೇ ತಯಾರಾದ ತೆಳು ಎಪಾಕ್ಸಿಗಳು ಅಂಗಡಿಗಳಲ್ಲಿ ಸಿಗುತ್ತವೆ. ಒಂದು ವಾರಾಂತ್ಯದಲ್ಲಿ ಕೆಲಸ ಮುಗಿಯುತ್ತದೆ, ಡೆಕ್ಕಿನ ಮೇಲ್ಮೈ ಹಾಳಾಗುವುದಿಲ್ಲ, ಕಾಲಿಟ್ಟರೆ ಗಟ್ಟಿಯಾದಂತೆಯೂ ತೋರುತ್ತದೆ. ಆದರೂ ವಿಸ್ತಾರವಾಗಿ ಲಡ್ಡಾದ ಡೆಕ್ಕಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ, ಮತ್ತು ಅದರ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಡೆಕ್ಕಿನ ಬಿಗಿತ ಬರುವುದು ಮರದ ಬಲದಿಂದಲ್ಲ, ಎರಡು ಪದರಗಳು ಒಂದಕ್ಕೊಂದು ದೂರ ನಿಂತೂ ಒಂದಾಗಿ ಕೆಲಸ ಮಾಡುವುದರಿಂದ. ಅದೇ ಪ್ರಮಾಣದ ಫೈಬರ್‌ಗ್ಲಾಸನ್ನು ಎರಡಾಗಿ ಸೀಳಿ ನಡುವೆ ತಿರುಳಿಟ್ಟು ಒಟ್ಟು ದಪ್ಪವನ್ನು ಇಮ್ಮಡಿಗೊಳಿಸಿದರೆ ಬಿಗಿತ ಸುಮಾರು ಏಳು ಪಟ್ಟು ಹೆಚ್ಚುತ್ತದೆ, ನಾಲ್ಕು ಪಟ್ಟು ದಪ್ಪವಾದರೆ ಸುಮಾರು ಮೂವತ್ತೇಳು ಪಟ್ಟು. ಈ ಲೆಕ್ಕ ನಿಲ್ಲುವುದು ತಿರುಳು ಎರಡೂ ಪದರಗಳಿಗೆ ಉದ್ದಗಲಕ್ಕೂ ಅಂಟಿಕೊಂಡು, ಒಂದು ಪದರ ಇನ್ನೊಂದರ ಮೇಲೆ ಜಾರದಂತೆ ಹಿಡಿದಿರುವಾಗ ಮಾತ್ರ. ತೂತಿನಿಂದ ಸುರಿದ ಎಪಾಕ್ಸಿ ಖಾಲಿ ಜಾಗವಿದ್ದಲ್ಲಿ ಗಡ್ಡೆಯಾಗಿ ನಿಲ್ಲುತ್ತದೆ. ನೀರು ತುಂಬಿದ ನಾರಿನೊಳಗೆ ಅದು ಹೋಗಲಾರದು, ಏಕೆಂದರೆ ಆ ಜಾಗವನ್ನು ನೀರು ಆಗಲೇ ಆಕ್ರಮಿಸಿಕೊಂಡಿದೆ. ತಿನ್ನರ್ ಬೆರೆಸಿ ಇನ್ನಷ್ಟು ತೆಳುವಾಗಿಸಿದರೆ ಎಪಾಕ್ಸಿಯೇ ದುರ್ಬಲವಾಗುತ್ತದೆ. ವೆಸ್ಟ್ ಸಿಸ್ಟಮ್ ಎಪಾಕ್ಸಿಯನ್ನು ತಯಾರಿಸುವ ಮಿಷಿಗನ್‌ನ ಗೂಜನ್ ಬ್ರದರ್ಸ್ ಸಂಸ್ಥೆಯ ಪರೀಕ್ಷೆಯಂತೆ ಶೇ 5ರಷ್ಟು ಲ್ಯಾಕರ್ ತಿನ್ನರ್ ಸೇರಿಸಿದರೂ ಒತ್ತಡವನ್ನು ತಾಳುವ ಶಕ್ತಿ ಮೂರನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ. ಎಲ್ಲಕ್ಕಿಂತ ಕೆಟ್ಟ ಪರಿಣಾಮವೆಂದರೆ, ಮುಂದೊಂದು ದಿನ ಡೆಕ್ ತೆರೆದು ಸರಿಯಾಗಿ ದುರಸ್ತಿ ಮಾಡಲು ಹೊರಟವರು ಅಲ್ಲಲ್ಲಿ ಕಲ್ಲಾದ ಎಪಾಕ್ಸಿ ಗಡ್ಡೆಗಳನ್ನು ಉಳಿಯಿಂದ ಒಂದೊಂದಾಗಿ ಕೆತ್ತಬೇಕಾಗುತ್ತದೆ.

ಈ ವಿಧಾನಕ್ಕೂ ಒಂದು ನ್ಯಾಯವಾದ ಜಾಗವಿದೆ. ಮರ ಒಣಗಿದ್ದು, ಲಡ್ಡಾಗದೆ, ಪದರ ಮಾತ್ರ ಅಂಗೈಯಗಲದಷ್ಟು ಬಿಟ್ಟುಕೊಂಡಿದ್ದರೆ ಎಪಾಕ್ಸಿ ತುಂಬಿ ಮೇಲೆ ಭಾರವಿಟ್ಟು ಕೂರಿಸಬಹುದು. ಹಾಗೆಯೇ, ಹಾನಿಯು ಒಂದು ಬೋಲ್ಟಿನ ಸುತ್ತ ಒಂದೆರಡು ಬೆರಳಗಲಕ್ಕೆ ಸೀಮಿತವಾಗಿದ್ದರೆ ಡೆಕ್ ಕೊಯ್ಯುವ ಅಗತ್ಯವಿಲ್ಲ: ತೂತನ್ನು ಬೋಲ್ಟಿನ ಅಳತೆಯ ಇಮ್ಮಡಿಗೆ ಹಿಗ್ಗಿಸಿ, ಡ್ರಿಲ್‌ಗೆ ಸಿಕ್ಕಿಸಿದ ಬಾಗಿದ ಮೊಳೆಯಿಂದ ಪದರಗಳ ನಡುವಿನ ಮರವನ್ನು ಒಣ ಮರ ಕಾಣುವವರೆಗೂ ಕೆರೆದು ತೆಗೆದು, ಕೆಳಗಿನಿಂದ ಟೇಪು ಮುಚ್ಚಿ, ಮೊದಲು ತೆಳು ಎಪಾಕ್ಸಿ ಕುಡಿಸಿ ನಂತರ ಸಿಲಿಕಾ ಬೆರೆಸಿ ಪುಟ್ಟಿಯ ಹದಕ್ಕೆ ತಂದ ಎಪಾಕ್ಸಿಯನ್ನು ತುಂಬಬೇಕು. ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ತೂತನ್ನು ಹೊಸದಾಗಿ ಕೊರೆದು, ತೂತಿನ ಬಾಯನ್ನು ಸ್ವಲ್ಪ ಇಳಿಜಾರಾಗಿಸಿ ರಬ್ಬರಿನಂಥ ಜಿಗುಟಾದ ಬ್ಯುಟೈಲ್ ಟೇಪಿನ ಮೇಲೆ ಫಿಟಿಂಗನ್ನು ಕೂರಿಸಿದರೆ, ಮುಂದೆ ಸೀಲಂಟ್ ಸೋತರೂ ನೀರು ಮರವನ್ನು ಮುಟ್ಟುವುದಿಲ್ಲ. ಯಾವ ದೊಡ್ಡ ದುರಸ್ತಿಯನ್ನು ಆರಿಸಿಕೊಂಡರೂ, ಡೆಕ್ಕಿನ ಉಳಿದ ಪ್ರತಿಯೊಂದು ತೂತಿಗೂ ಇದನ್ನು ಮಾಡಲೇಬೇಕು. ಇಲ್ಲವಾದರೆ ಹೊಸ ತಿರುಳೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಮೇಲಿನಿಂದ ತೆರೆಯುವುದೋ, ಕೆಳಗಿನಿಂದಲೋ

ಲಡ್ಡು ವಿಸ್ತಾರವಾಗಿದ್ದರೆ ಪದರವೊಂದನ್ನು ಕೊಯ್ದು ತಿರುಳನ್ನು ಬದಲಿಸುವುದೇ ದಾರಿ. ಅಲ್ಲಿ ನಿಜವಾದ ಆಯ್ಕೆ ಇರುವುದು ಯಾವ ಪದರವನ್ನು ಕೊಯ್ಯಬೇಕು ಎಂಬುದರಲ್ಲಿ.

ಮೇಲಿನಿಂದ ತೆರೆದಾಗ ಭೂಮಿಯ ಸೆಳೆತ ನಮ್ಮ ಕಡೆಗಿರುತ್ತದೆ. ಮೇಲ್ಪದರವನ್ನು ದಾಟಿ ತಿರುಳನ್ನು ಮುಟ್ಟುವಷ್ಟೇ ಆಳಕ್ಕೆ ಗರಗಸವನ್ನು ಹೊಂದಿಸಿ, ಡೆಕ್ಕಿನ ಅಂಚಿನಿಂದ ನಾಲ್ಕೈದು ಸೆಂಟಿಮೀಟರ್ ಒಳಗೆ, ಗುರುತಿಸಿದ ಗೆರೆಯಿಂದ ಸ್ವಲ್ಪ ಆಚೆಗೆ ಕೊಯ್ದು, ಮೇಲ್ಪದರವನ್ನು ಸಾಧ್ಯವಾದಷ್ಟೂ ಒಂದೇ ಹಾಳೆಯಾಗಿ ಎಬ್ಬಿಸಬೇಕು. ಲಡ್ಡಾದ ಮರ ಸಲಿಕೆಗೆ ಬರುತ್ತದೆ. ಅಂಚಿನಲ್ಲಿ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿರುವ ಮರಕ್ಕೆ ಉಳಿ ಮತ್ತು ಗ್ರೈಂಡರ್ ಬೇಕಾಗುತ್ತವೆ. ಇಲ್ಲಿ ಒಂದು ಎಚ್ಚರಿಕೆ: ತಿರುಳು ಹೋದ ಕೂಡಲೇ ಕೆಳಗಿನ ತೆಳುಪದರಕ್ಕೆ ತನ್ನ ಆಕಾರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಕೊಯ್ಯುವ ಮುಂಚೆಯೇ ಕ್ಯಾಬಿನ್ನಿನ ಒಳಗಿನಿಂದ ಹಲಗೆ ಮತ್ತು ಊರೆಗಳನ್ನು ಕೊಡದಿದ್ದರೆ ಡೆಕ್ಕಿನ ಸಹಜ ಬಾಗು ತಗ್ಗಿಹೋಗಿ, ಹೊಸ ತಿರುಳು ಆ ತಗ್ಗಿದ ಆಕಾರದಲ್ಲಿಯೇ ಶಾಶ್ವತವಾಗಿ ಕೂತುಬಿಡುತ್ತದೆ. ಕೆಳಪದರವನ್ನು ಒರಟು ಮರಳು ಕಾಗದದಿಂದ ಉಜ್ಜಿ, ಹೊಸ ತಿರುಳಿಗೆ ತೆಳು ಎಪಾಕ್ಸಿ ಕುಡಿಸಿ, ಪುಟ್ಟಿಯ ಹಾಸಿಗೆಯ ಮೇಲೆ ಒತ್ತಿ ಕೂರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಮರಳು ಚೀಲಗಳನ್ನೋ ನೀರಿನ ಕ್ಯಾನುಗಳನ್ನೋ ಹೇರಿದರೆ ಸಾಕು. ನಿರ್ವಾತ ಯಂತ್ರದ ಅಗತ್ಯ ಬೀಳುವುದಿಲ್ಲ.

ಇದರ ಬೆಲೆಯನ್ನು ತೆರುವುದು ಕೊನೆಯಲ್ಲಿ. ಎಬ್ಬಿಸಿದ ಮೇಲ್ಪದರವನ್ನು ಹೊಸ ತಿರುಳಿನ ಮೇಲೆ ಮತ್ತೆ ಅಂಟಿಸಿದ ನಂತರ ಕೊಯ್ದ ಗೆರೆಯ ಎರಡೂ ಬದಿಗಳಲ್ಲಿ ಹಳೆಯ ಪದರವನ್ನು 12:1 ಇಳಿಜಾರಿನಲ್ಲಿ ಉಜ್ಜಬೇಕು, ಅಂದರೆ 3 ಮಿ.ಮೀ. ದಪ್ಪದ ಪದರಕ್ಕೆ ಪ್ರತಿ ಬದಿಯಲ್ಲಿ 36 ಮಿ.ಮೀ., ಮತ್ತು ಆ ತಗ್ಗಿನಲ್ಲಿ ಹೊಸ ಗಾಜಿನ ಬಟ್ಟೆಯನ್ನು ಪದರ ಪದರವಾಗಿ ಎಪಾಕ್ಸಿಯಲ್ಲಿ ಕೂರಿಸಬೇಕು. ಆಮೇಲೆ ಪುಟ್ಟಿ, ಉಜ್ಜುವಿಕೆ, ಮತ್ತೆ ಪುಟ್ಟಿ, ಪ್ರೈಮರ್, ಬಣ್ಣ. ಕಾಲು ಜಾರದಂತೆ ಅಚ್ಚಿನಲ್ಲಿಯೇ ಮೂಡಿಸಿದ ಮೂಲ ವಿನ್ಯಾಸ ಗೆರೆಯ ಉದ್ದಕ್ಕೂ ಅಳಿಸಿಹೋಗುವುದರಿಂದ ಕೊನೆಗೆ ಡೆಕ್ಕಿಗೆಲ್ಲ ಬಣ್ಣ ಬಳಿಯದೆ ಬೇರೆ ಉಪಾಯವಿಲ್ಲ. ಒಟ್ಟು ಶ್ರಮದಲ್ಲಿ ಅರ್ಧದಷ್ಟು ಈ ಅಲಂಕಾರದ್ದೇ ಎಂದರೆ ಅತಿಶಯೋಕ್ತಿಯಲ್ಲ, ಮತ್ತು ಯಾರ್ಡಿನವರು ಹೇಳುವ ದರ ಕೇಳಿ ಬೆಚ್ಚಿಬೀಳುವವರು ಇದನ್ನು ನೆನಪಿನಲ್ಲಿಡಬೇಕು.

ಕೆಳಗಿನಿಂದ ತೆರೆದರೆ ಈ ಅಲಂಕಾರದ ಕೆಲಸವೆಲ್ಲ ಉಳಿಯುತ್ತದೆ. ಮೇಲ್ಪದರವೂ ಅದರ ಬಣ್ಣವೂ ಹಾಗೆಯೇ ಇರುತ್ತವೆ, ಮಳೆಯ ಭಯವಿಲ್ಲ, ಒಳಗಿನ ಗಾಯದ ಗುರುತನ್ನು ಚಾವಣಿಯ ಹೊದಿಕೆ ಮುಚ್ಚಿಕೊಳ್ಳುತ್ತದೆ. ಇಷ್ಟು ಕೇಳಿ ಆಸೆಪಡುವವರು ಕೆಲಸದ ಭಂಗಿಯನ್ನೂ ಕಲ್ಪಿಸಿಕೊಳ್ಳಬೇಕು: ಬರ್ತಿನ ಮೇಲೆ ಅಂಗಾತ ಮಲಗಿ, ಮುಖದ ಮೇಲೆಯೇ ಗ್ರೈಂಡರ್ ಓಡಿಸುತ್ತ, ಗಾಜಿನ ದೂಳನ್ನೂ ಕೊಳೆತ ಮರದ ಹನಿಯನ್ನೂ ಮೈಮೇಲೆ ಸುರಿಸಿಕೊಳ್ಳುತ್ತ ಇರಬೇಕು. ತಿರುಳಿನ ಪ್ರತಿಯೊಂದು ತುಂಡನ್ನೂ, ಆಮೇಲೆ ಎಪಾಕ್ಸಿಯಲ್ಲಿ ತೊಯ್ದ ಪ್ರತಿಯೊಂದು ಬಟ್ಟೆಯನ್ನೂ ಅದು ಗಟ್ಟಿಯಾಗುವವರೆಗೆ ಊರೆಕೊಟ್ಟು ಮೇಲಕ್ಕೆ ಒತ್ತಿಹಿಡಿಯಬೇಕಾದ್ದರಿಂದ ಒಂದೊಂದಡಿ ಚೌಕದಷ್ಟು ಸಣ್ಣ ತುಂಡುಗಳಲ್ಲಿಯೇ ಮುಂದುವರಿಯಬೇಕಾಗುತ್ತದೆ. ಹೊಸ ತಿರುಳು ಮೇಲ್ಪದರಕ್ಕೆ ಸಂದಿಯಿಲ್ಲದೆ ಅಂಟಿದೆಯೇ ಎಂಬುದನ್ನು ಕಣ್ಣಿನಿಂದ ನೋಡುವಂತಿಲ್ಲ. ಮತ್ತೆ ಸುತ್ತಿಗೆಯ ದನಿಯನ್ನೇ ನೆಚ್ಚಬೇಕು. ಕ್ಯಾಟಲಿನಾದಂಥ ದೋಣಿಗಳಲ್ಲಿ ಕ್ಯಾಬಿನ್ನಿನ ಚಾವಣಿ ಅಚ್ಚಿನಲ್ಲಿ ಎರೆದ ಫೈಬರ್‌ಗ್ಲಾಸ್ ಲೈನರ್ ಆಗಿರುವುದರಿಂದ ಅದನ್ನೂ ಕೊಯ್ಯದೆ ತಿರುಳನ್ನು ತಲುಪಲಾಗದು, ಆಗ ಈ ವಿಧಾನದ ಲಾಭವೆಲ್ಲ ಕರಗಿಹೋಗುತ್ತದೆ.

ಆದ್ದರಿಂದ ನನ್ನ ತೀರ್ಮಾನ ಹೀಗೆ: ಡೆಕ್ಕಿಗೆ ಹೇಗೂ ಬಣ್ಣ ಬಳಿಯಬೇಕಾಗಿದ್ದರೆ, ಅಥವಾ ಹಾನಿ ಒಂದು ಚದರ ಮೀಟರಿಗಿಂತ ಹೆಚ್ಚಿದ್ದರೆ, ಮೇಲಿನಿಂದ ತೆರೆಯಬೇಕು. ಮೇಲ್ಮೈ ಚೆನ್ನಾಗಿದ್ದು, ಹಾನಿ ಸಣ್ಣದಾಗಿದ್ದು, ಕೆಳಗೆ ಬಿಚ್ಚಬಹುದಾದ ಹೊದಿಕೆ ಮಾತ್ರ ಇದ್ದರೆ ಕೆಳಗಿನಿಂದ ತೆರೆಯುವುದಕ್ಕೆ ಅರ್ಥವಿದೆ. 1970ರ ದಶಕದಲ್ಲಿ ತೈವಾನಿನಲ್ಲಿ ತಯಾರಾದ ಹಲವು ದೋಣಿಗಳಂತೆ ಮೇಲೆ ತೇಗದ ಪಟ್ಟಿಗಳನ್ನು ಸ್ಕ್ರೂ ಹೊಡೆದು ಕೂರಿಸಿದ್ದರೆ ಚರ್ಚೆಯೇ ಬೇಡ. ಪ್ರತಿಯೊಂದು ಸ್ಕ್ರೂ ತಿರುಳಿಗೆ ಇಳಿದ ತೂತು, ತೇಗವನ್ನು ತೆಗೆದು ಮೇಲಿನಿಂದಲೇ ಕೆಲಸ ಮಾಡಬೇಕು.

ಹೊಸ ತಿರುಳು ಮತ್ತು ರಾಳ

ಒಮ್ಮೆ ಕೊಳೆತ ಬಾಲ್ಸಾವನ್ನೇ ಮತ್ತೆ ಹಾಕುವುದು ಮೂರ್ಖತನವೆಂದು ಹಲವರಿಗೆ ಅನ್ನಿಸುತ್ತದೆ; ನನಗೆ ಹಾಗೆನ್ನಿಸುವುದಿಲ್ಲ. ನಾರು ನೆಟ್ಟಗೆ ನಿಲ್ಲುವಂತೆ ಅಡ್ಡ ಕೊಯ್ದು ಬಟ್ಟೆಗೆ ಅಂಟಿಸಿದ ಬಾಲ್ಸಾ ಹಾಳೆಯ ತೂಕ ಘನ ಮೀಟರಿಗೆ ಸುಮಾರು 150 ಕಿಲೋ. ಒತ್ತಡವನ್ನೂ ಪದರಗಳ ಜಾರನ್ನೂ ಅದರಷ್ಟು ಚೆನ್ನಾಗಿ ತಡೆಯುವ ಫೋಮ್ ಬೇಕೆಂದರೆ ಹೆಚ್ಚು ಸಾಂದ್ರತೆಯದನ್ನು ಹೆಚ್ಚು ಹಣ ಕೊಟ್ಟು ಕೊಳ್ಳಬೇಕು. ಚೌಕಗಳ ನಡುವಿನ ಸಂದಿಗಳನ್ನೆಲ್ಲ ಎಪಾಕ್ಸಿಯಿಂದ ತುಂಬಿ, ತೂತುಗಳನ್ನು ಮೇಲೆ ಹೇಳಿದಂತೆ ಭದ್ರಪಡಿಸಿದರೆ ನೀರು ಹಬ್ಬುವ ದಾರಿಯೇ ಮುಚ್ಚುತ್ತದೆ. ಡಿವಿನೈಸೆಲ್‌ನಂಥ ಪಿವಿಸಿ ಫೋಮ್ ಕೊಳೆಯುವುದಿಲ್ಲ, ಕೊಯ್ಯಲು ಸುಲಭ. ಆದರೆ ಬೋಲ್ಟನ್ನು ಬಿಗಿದಾಗ ಹಿಸುಕಿಹೋಗುತ್ತದೆ ಮತ್ತು ಗಾಢ ಬಣ್ಣದ ಡೆಕ್ ಬಿಸಿಲಿಗೆ ಕಾದಾಗ ಮೆದುವಾಗುವ ಗುಣವಿದೆ. ತೂತುಗಳನ್ನು ಶಿಸ್ತಿನಿಂದ ಮುಚ್ಚುವ ತಾಳ್ಮೆ ತಮಗಿಲ್ಲವೆಂದು ಬಲ್ಲವರು ಫೋಮನ್ನೇ ಆರಿಸಿಕೊಳ್ಳುವುದು ಕ್ಷೇಮ.

ಪ್ಲೈವುಡ್ ಅಗ್ಗವಾಗಿ ಎಲ್ಲೆಡೆ ಸಿಗುತ್ತದೆಂಬುದು ಬಿಟ್ಟರೆ ಡೆಕ್ಕಿನ ಹರವಿಗೆ ಅದನ್ನು ಸಮರ್ಥಿಸುವುದು ಕಷ್ಟ. ಬಾಲ್ಸಾಕ್ಕಿಂತ ಮೂರು ನಾಲ್ಕು ಪಟ್ಟು ಭಾರ, ಬಾಗಿದ ಡೆಕ್ಕಿಗೆ ಒಗ್ಗದ ಸ್ವಭಾವ, ಜೊತೆಗೆ ಅದರ ನಾರು ಮಲಗಿರುವುದರಿಂದ ಒಂದು ತುದಿಗೆ ಇಳಿದ ನೀರು ಅದರ ಉದ್ದಕ್ಕೂ ಹರಿಯುತ್ತದೆ. ಕ್ಲೀಟ್ ಮತ್ತು ವಿಂಚ್‌ಗಳ ಅಡಿಯಲ್ಲಿ, ಹಾಯಿಕಂಬದ ಕೆಳಗೆ, ಮರವೂ ಬೇಡ ಫೋಮೂ ಬೇಡ: ಅಲ್ಲಿ ಜಿ10 ಎಂಬ ಗಟ್ಟಿ ಗಾಜಿನ ಹಲಗೆಯನ್ನೋ ಪದರ ಪದರವಾಗಿ ಕಟ್ಟಿದ ಫೈಬರ್‌ಗ್ಲಾಸನ್ನೋ ಕೂರಿಸುವುದು ದುಬಾರಿಯಾದರೂ, ಬೇಕಾಗುವ ತುಂಡು ಸಣ್ಣದಾದ್ದರಿಂದ ಹೊರೆಯಾಗದು.

ರಾಳದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ದೋಣಿ ಮೂಲತಃ ಪಾಲಿಯೆಸ್ಟರ್ ರಾಳದಿಂದ ಆಗಿದ್ದರೂ ದುರಸ್ತಿಗೆ ಎಪಾಕ್ಸಿಯೇ ಸರಿ, ಏಕೆಂದರೆ ಪಾಲಿಯೆಸ್ಟರ್ ಗಟ್ಟಿಯಾಗುವಾಗ ಕುಗ್ಗುತ್ತದೆ ಮತ್ತು ಹಳೆಯ ಪದರಕ್ಕೂ ಮರಕ್ಕೂ ಎಪಾಕ್ಸಿಯಷ್ಟು ಬಿಗಿಯಾಗಿ ಅಂಟುವುದಿಲ್ಲ. ಚೆಸಾಪೀಕ್‌ನ ಬೇಸಿಗೆಯಲ್ಲಿ ನಿಧಾನವಾಗಿ ಗಟ್ಟಿಯಾಗುವ ಹಾರ್ಡನರ್ ಬೇಕು. ಬಟ್ಟಲಲ್ಲಿ ಒಟ್ಟಿಗೆ ಹೆಚ್ಚು ಕಲಸಿದರೆ ಎಪಾಕ್ಸಿ ತನ್ನದೇ ಶಾಖಕ್ಕೆ ಹೊಗೆಯಾಡುತ್ತದೆ. ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಮೂಡುವ ಮೇಣದಂಥ ಪೊರೆಯನ್ನು ನೀರಿನಿಂದ ಉಜ್ಜಿ ತೊಳೆದ ನಂತರವೇ ಮುಂದಿನ ಪದರಕ್ಕೆ ಕೈಹಚ್ಚಬೇಕು. ಕೈಗವಸು ಮತ್ತು ಉಸಿರುಗವಸು ಕಡ್ಡಾಯ. ಎಪಾಕ್ಸಿಯ ಅಲರ್ಜಿ ಒಮ್ಮೆ ಮೈಗೆ ಹತ್ತಿತೆಂದರೆ ಮುಂದೆ ಅದನ್ನು ಮುಟ್ಟುವುದೇ ಕಷ್ಟವಾಗಬಹುದು.

ಬಲ್ಕ್‌ಹೆಡ್ ಮತ್ತು ಕಂಬದ ಬುಡ

ಡೆಕ್ ಮೆತ್ತಗಾದರೆ ಕಾಲಿಗೆ ತಿಳಿಯುತ್ತದೆ; ಬಲ್ಕ್‌ಹೆಡ್ ಲಡ್ಡಾದರೆ ಹಾಯಿಕಂಬವೇ ಉರುಳಬಹುದು. ಹಲವು ದೋಣಿಗಳಲ್ಲಿ ಚೈನ್‌ಪ್ಲೇಟನ್ನು ನೇರವಾಗಿ ಬಲ್ಕ್‌ಹೆಡ್ಡಿಗೆ ಬೋಲ್ಟ್ ಮಾಡಿರುತ್ತಾರೆ, ಮತ್ತು ಅದು ಡೆಕ್ಕನ್ನು ತೂರುವ ಸಂದಿಯಿಂದ ಇಳಿದ ನೀರು ಆ ಬೋಲ್ಟುಗಳ ಸುತ್ತಲಿನ ಪ್ಲೈವುಡ್ಡನ್ನೇ ಮೊದಲು ತಿನ್ನುತ್ತದೆ. ಮೇಲಿನ ತೇಗದ ವೆನೀರ್ ಕಪ್ಪಾಗಿದ್ದರೆ ಚೈನ್‌ಪ್ಲೇಟನ್ನು ಕಳಚಿ ಹಿಂದಿನ ಮರವನ್ನು ಚೂಪಾದ ಉಳಿಯಿಂದ ಚುಚ್ಚಿ ನೋಡಬೇಕು.

ಇಲ್ಲಿಯೂ ಮೂರು ದಾರಿಗಳಿವೆ. ಬಿಲ್ಜಿನ, ಅಂದರೆ ದೋಣಿಯ ತಳದ ತಗ್ಗಿನಲ್ಲಿ ಸೇರುವ, ನೀರಿನಿಂದ ಕೆಳತುದಿ ಮಾತ್ರ ಕೊಳೆತಿದ್ದರೆ ಆ ಭಾಗವನ್ನು ಕೊಯ್ದು, 8:1 ಇಳಿಜಾರಿನ ಜೋಡಣೆಯಲ್ಲಿ, ಎಂದರೆ 18 ಮಿ.ಮೀ. ಹಲಗೆಗೆ ಸುಮಾರು 144 ಮಿ.ಮೀ. ಅಗಲದಲ್ಲಿ, ಹೊಸ ಪ್ಲೈವುಡ್ಡನ್ನು ಕಸಿ ಮಾಡಬಹುದು. ಹಲಗೆಯ ಒಂದು ಮುಖ ಗಟ್ಟಿಯಿದ್ದರೆ ಪಕ್ಕಕ್ಕೆ ಇನ್ನೊಂದು ಹಲಗೆಯನ್ನು ಅಂಟಿಸಿ ಜೊತೆಗೊಡುವವರೂ ಇದ್ದಾರೆ. ಕೊಳೆತದ್ದನ್ನು ಒಳಗೇ ಮುಚ್ಚಿಡುವ ಈ ಕ್ರಮ ನನಗೆ ಒಪ್ಪಿಗೆಯಾಗುವುದಿಲ್ಲ. ಚೈನ್‌ಪ್ಲೇಟಿನ ಬೋಲ್ಟುಗಳ ಸುತ್ತಲೇ ಲಡ್ಡಾಗಿದ್ದರೆ ತೇಪೆಯ ಮಾತೇ ಸಲ್ಲದು, ಬಲ್ಕ್‌ಹೆಡ್ಡನ್ನು ಪೂರ್ತಿ ಬದಲಿಸಬೇಕು. ಹಾಯಿಕಂಬವನ್ನು ಇಳಿಸಿ, ಡೆಕ್ಕಿಗೆ ಊರೆಕೊಟ್ಟು, ಹಳೆಯ ಹಲಗೆಯನ್ನೇ ಅಳತೆಯ ಅಚ್ಚಾಗಿ ಬಳಸಿ ಬಿಎಸ್ 1088 ಎಂಬ ಬ್ರಿಟಿಷ್ ಮಾನಕದ ದರ್ಜೆಯ ಮರೀನ್ ಪ್ಲೈವುಡ್ಡಿನಲ್ಲಿ ಹೊಸದನ್ನು ಕೊಯ್ಯಬೇಕು. ಕ್ಯಾಬಿನ್ನಿನ ಬಾಗಿಲು ಕಿರಿದಾದ್ದರಿಂದ ಅದನ್ನು ಎರಡು ತುಂಡಾಗಿ ಒಳಗೊಯ್ದು ಅಲ್ಲಿಯೇ ಜೋಡಿಸಬೇಕಾಗುವುದು ಸಾಮಾನ್ಯ. ಹಲಗೆಯ ಅಂಚು ಒಡಲಿಗೆ ಒತ್ತದಂತೆ ನಡುವೆ ಫೋಮಿನ ತೆಳುಪಟ್ಟಿಯಿಟ್ಟು, ಎರಡೂ ಬದಿಗಳಲ್ಲಿ ಗಾಜಿನ ಬಟ್ಟೆಯ ಪಟ್ಟಿಗಳಿಂದ ಒಡಲಿಗೆ ಬೆಸೆಯಬೇಕು.

ಊರೆಗಂಬದ ಬುಡದ ತುಂಡಿಗೆ ಆಯ್ಕೆಯ ಗೊಂದಲವೇ ಇಲ್ಲ. ಬಿಲ್ಜಿನ ನೀರಿನಲ್ಲಿ ಸದಾ ನೆನೆಯುವ ಜಾಗಕ್ಕೆ ಮರವನ್ನು ಮತ್ತೆ ಹಾಕಬಾರದು. ಕಂಬವನ್ನು ಜಾಕಿನಿಂದ ಎತ್ತಿ ಅಥವಾ ಇಳಿಸಿ, ಜಿ10 ಹಲಗೆಗಳನ್ನು ಎಪಾಕ್ಸಿಯಲ್ಲಿ ಒಂದರ ಮೇಲೊಂದು ಅಂಟಿಸಿ ಕೂರಿಸಿದರೆ ಆ ತಾಪತ್ರಯ ಮುಗಿಯುತ್ತದೆ.

ದುರಸ್ತಿಯೇ ಬೇಡವೆನ್ನುವ ಆಯ್ಕೆ

ಯಾರ್ಡಿಗೆ ಕೊಟ್ಟು ಡೆಕ್ಕನ್ನೆಲ್ಲ ಬದಲಿಸಿದರೆ ಆಗುವ ಖರ್ಚು ಇಂಥ ದೋಣಿಯ ಮಾರುಕಟ್ಟೆ ಬೆಲೆಯನ್ನು ಮೀರುವುದೇ ಹೆಚ್ಚು; ಆದ್ದರಿಂದ ದೊಡ್ಡ ತಿರುಳಿನ ಕೆಲಸಕ್ಕೆ ಅರ್ಥ ಬರುವುದು ತಾವೇ ಕೈಯಾರೆ ಮಾಡುವವರಿಗೆ ಮಾತ್ರ. ಇನ್ನು ಕೆಲವರಿಗೆ ಏನೂ ಮಾಡದಿರುವುದೂ ಒಂದು ವಿವೇಕದ ಆಯ್ಕೆಯಾಗಬಲ್ಲದು. ಡೆಕ್ಕಿನ ಮುಂಭಾಗದಲ್ಲಿ ಭಾರವಾದ ಫಿಟಿಂಗ್‌ಗಳಿಲ್ಲದ ಕಡೆ ಅಲ್ಪಸ್ವಲ್ಪ ಮೆತ್ತಗಾಗಿದ್ದು, ದೋಣಿ ಕೊಲ್ಲಿಯ ಒಳಗೆ ವಾರಾಂತ್ಯಕ್ಕಷ್ಟೇ ಓಡುವುದಾದರೆ, ಸುತ್ತಲಿನ ತೂತುಗಳನ್ನು ಭದ್ರಪಡಿಸಿ ನೀರು ನಿಲ್ಲಿಸಿ ಹಲವು ವರ್ಷ ಕಳೆಯಬಹುದು. ವಿಮಾ ಕಂಪನಿಗಳು ಹಳೆಯ ದೋಣಿಗೆ ದೋಣಿ ತಪಾಸಣೆ ಮಾಡುವ ಸರ್ವೇಯರ್ ವರದಿಯನ್ನು ಕೇಳುವುದು ವಾಡಿಕೆಯಾದ್ದರಿಂದ, ಅದು ವರದಿಯಲ್ಲಿ ದಾಖಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನೂ ಕೊಳ್ಳದವರಿಗೆ ಇದಕ್ಕಿಂತ ಕಠಿಣವಾದ ಸಲಹೆ. ಜೆ/24ರಂಥ ಕೆಲವು ದೋಣಿಗಳಲ್ಲಿ ಡೆಕ್ಕಿಗೆ ಮಾತ್ರವಲ್ಲದೆ ಒಡಲಿಗೂ ಬಾಲ್ಸಾ ತಿರುಳಿರುತ್ತದೆ. ನೀರಿನ ಮಟ್ಟದ ಕೆಳಗೆ ಆ ತಿರುಳು ಒದ್ದೆಯಾಗಿರುವ ದೋಣಿಯನ್ನು, ಅಥವಾ ಡೆಕ್, ಬಲ್ಕ್‌ಹೆಡ್ ಮತ್ತು ಕಂಬದ ಬುಡ ಮೂರೂ ಒಟ್ಟಿಗೆ ಕೊಳೆತಿರುವ ದೋಣಿಯನ್ನು, ಪುಕ್ಕಟೆ ಕೊಟ್ಟರೂ ಒಲ್ಲೆನ್ನಬೇಕು. ಅದೇ ಮಾದರಿಯ, ಡೆಕ್ ಗಟ್ಟಿಯಾಗಿರುವ ಇನ್ನೊಂದು ದೋಣಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಅದು ಎಪಾಕ್ಸಿ, ಗಾಜಿನ ಬಟ್ಟೆ ಮತ್ತು ಯಾರ್ಡಿನ ತಿಂಗಳ ಬಾಡಿಗೆಗಳ ಮೊತ್ತಕ್ಕಿಂತ ಕಡಿಮೆಯೇ ಆಗುತ್ತದೆ.